ಚಮಚದಿಂದ ಹರಿಯದ ನೀರು

ಸೇಡಂ,
೨೨-೯-೨೦೨೪, ರವಿವಾರ

ಪ್ರೀತಿಯ ಗೆಳತಿ ನಜಮುನ್ನೀಸಾಗೆ,

ನಿನ್ನ ಬಸವೇಶ್ವರಿಯ ಶರಣು. ನೀನು, ನಿನ್ನ ಮಗಳು ಅಳಿಯ, ಮನೆಯ ಕೋಳಿಗಳು ಸಹಿತ ಎಲ್ಲರೂ ಸೌಖ್ಯವಾಗಿದ್ದೀರೆಂದು ತಿಳಿದಿದ್ದೇನೆ. ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತಮೂರು ದಿನವಾಯಿತು. ಪುರಸೊತ್ತಾಗಲಿಲ್ಲ ಎಂದರೆ ನೀನೇ ನಗುತ್ತೀ. ದವಾಖಾನೆಯಲ್ಲಿ ರೋಗಿಯ ಹೆಂಡತಿಗೆ ಇರುವಷ್ಟು ಪುರಸೊತ್ತು ದೇಶದಲ್ಲಿ ಯಾರಿಗೂ ಇಲ್ಲ. ಫೋನು ಮಾಡೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ನಾನು ಕೂಗಿದರೆ ಇಡೀ ವಾರ್ಡಿಗೆ ಕೇಳಿಸುತ್ತದೆ. ಮೂರು ಸಲ ಬರೆಯಲು ಕುಳಿತು ಮೂರು ಸಲವೂ ಹಾಳೆ ಹರಿದೆ. ತಡವಾದದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದು.

ಮೊದಲು ಒಳ್ಳೆಯ ಸುದ್ದಿ. ಮೊನ್ನೆ ಗುರುವಾರ ನಮ್ಮವರ ಮೂಗಿನ ನಳಿಗೆ ತೆಗೆದರು. ಮೂರು ತಿಂಗಳ ಮೇಲೆ ಅವರ ಮುಖವನ್ನು ಪೂರಾ ನೋಡಿದೆ. ನಳಿಗೆಯ ಪಟ್ಟಿ ಅಂಟಿಸಿದ್ದ ಕಡೆ ಚರ್ಮ ಬೆಳ್ಳಗಾಗಿ ಮೂಗಿನ ಮೇಲೆ ಒಂದು ಗೆರೆ ಉಳಿದಿದೆ. ಈಗ ದಿನಕ್ಕೆ ಆರು ಸಲ ಬಾಯಿಂದಲೇ ಉಣ್ಣುತ್ತಾರೆ. ನಲವತ್ತೊಂದು ಕೇಜಿಗೆ ಇಳಿದಿದ್ದ ಮನುಷ್ಯ ನಲವತ್ತಾರಕ್ಕೆ ಬಂದಿದ್ದಾರೆ. ಮಾತು ಇನ್ನೂ ಒಂದೆರಡೇ. "ಹಾಂ" ಎನ್ನುತ್ತಾರೆ, "ಬ್ಯಾಡ" ಎನ್ನುತ್ತಾರೆ. ಮದುವೆಯಾದ ಮೊದಲ ವರ್ಷವೂ ಇಷ್ಟೇ ಮಾತಾಡುತ್ತಿದ್ದರು, ಆದ್ದರಿಂದ ನನಗೇನೂ ತೊಂದರೆಯಿಲ್ಲ.

ಇದೆಲ್ಲ ಯಾರ ಪುಣ್ಯ ಎಂದು ಕೇಳಿದರೆ, ನಜಮಾ, ನಿನ್ನ ಮೊಮ್ಮಗಳು ರುಕ್ಸಾರಳ ಪುಣ್ಯ. ನಿನ್ನ ಕಾಗದ ಓದಿದ ಮೇಲಂತೂ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅನ್ನಿಸಿದೆ. ನಿನಗೆ ಅರ್ಧಂಬರ್ಧ ಗೊತ್ತಿದೆ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಜೂನಿನಲ್ಲಿ ನಮ್ಮವರು ಶಹಾಬಾದದ ಪಾಲಿಶ್ ಕಾರ್ಖಾನೆಯಲ್ಲಿ ಲಾರಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಕಾಲು ಜಾರಿ, ಕೆಳಗಿದ್ದ ಫರಸಿಗೇ ತಲೆ ಬಡಿದು ಬಿದ್ದರು. ಮೂವತ್ತು ವರ್ಷ ತಾವೇ ಉಜ್ಜಿ ನುಣುಪು ಮಾಡಿದ ಕಲ್ಲು. ಕಲಬುರಗಿಯಲ್ಲಿ ಆಪರೇಶನ್ ಆಯಿತು. ಜೀವ ಉಳಿದಿದೆ, ಇನ್ನು ಬೇಕಾದದ್ದು ಆರೈಕೆ ಎಂದು ಜುಲೈಯಲ್ಲಿ ಇಲ್ಲಿ ಸೇಡಮ್ಮಿನ ದವಾಖಾನೆಗೆ ಕಳಿಸಿದರು. ಕಣ್ಣು ತೆರೆಯುತ್ತಿದ್ದರು, ಆದರೆ ನೋಡುತ್ತಿರಲಿಲ್ಲ. ಅನ್ನವೆಲ್ಲ ಮೂಗಿನ ನಳಿಗೆಯಿಂದ.

ಬಂದ ಮರುದಿನ ನಾನು ಏನು ಮಾಡಿದೆ ಗೊತ್ತೇ? ಜೋಳದ ರೊಟ್ಟಿ, ಪುಂಡಿಪಲ್ಯ ಬುತ್ತಿ ಕಟ್ಟಿಸಿ ತರಿಸಿದೆ. ಹಾಸಿಗೆಯ ಪಕ್ಕ ಬುತ್ತಿ ಬಿಚ್ಚಿಟ್ಟಿದ್ದೆ, ಅಷ್ಟರಲ್ಲಿ ಒಬ್ಬ ಸಣ್ಣ ಹುಡುಗಿ ಬಂದಳು. ಬಿಳಿ ಕೋಟು, ತಲೆಗೆ ದುಪಟ್ಟಾ, ಕೈಯಲ್ಲಿ ದರ್ಜಿಯವನ ಟೇಪು. ನಮಸ್ಕಾರವಿಲ್ಲ ಏನಿಲ್ಲ, ನಮ್ಮವರ ತೋಳಿಗೆ ಟೇಪು ಸುತ್ತಿ ಅಳತೆ ಬರೆದುಕೊಂಡಳು.

"ಅಂಗಿ ಹೊಲಿತೀಯೇನವ್ವ?" ಎಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

"ಇಲ್ರಿ ಕಾಕಿ, ಕಾಕಾ ಎಷ್ಟು ಕರಗ್ಯಾರ ಅಂತ ನೋಡಾಕತ್ತೀನಿ," ಎಂದಳು. "ತಲಿಗಿ ಪೆಟ್ಟು ಬಿದ್ದ ಮೈ ಸುಮ್ಮನ ಮಲಗಿರಂಗಿಲ್ರಿ. ಒಳಗ ದಿನಾ ಓಡತಿರ್ತದ. ಕಾರ್ಖಾನ್ಯಾಗ ಕಲ್ಲ ಎತ್ತೂಮುಂದ ಬೇಕಾಗಿದ್ದಕ್ಕಿಂತ ಈಗೇ ಹೆಚ್ಚ ಉಣಬೇಕು ಅವರು."

"ಉಣಬೇಕು ಅಂತೀದಿ, ಮೂಗಿನ್ಯಾಗ ಹಾಲ ಹೊಯ್ತೀದಿ. ಇದು ಊಟ ಏನ? ನನ್ನ ಕೈ ರೊಟ್ಟಿ ತಿಂದ ಜೀವ ಅದು."

ಅವಳು ಆಗ ಬೆರಳನ್ನು ಮೂಗಿನ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ನಜಮಾ, ಐದನೇ ಇಯತ್ತೆಯಲ್ಲಿ ನಾನು ಲೆಕ್ಕ ತಪ್ಪಿದಾಗ ನೀನು ನೋಡುತ್ತಿದ್ದದ್ದು ಹಾಗೆಯೇ. ನಾನು ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, "ಯಾರ ಪೈಕಿ ನೀನು?" ಎಂದು ಕೇಳಿದೆ. "ವಾಡಿಯವಳರಿ, ಇಲ್ಲಿ ರೋಗಿಗಳ ಊಟದ ಲೆಕ್ಕ ನೋಡತೀನಿ. ನಮ್ಮ ನಾನಿ ನಿಮ್ಮೂರಾಕಿ," ಎಂದಳು. ನಾನು ಅವಳ ಕೆನ್ನೆ ಹಿಂಡಿದೆ. ಡ್ಯೂಟಿಯಲ್ಲಿರುವವರ ಕೆನ್ನೆ ಹಿಂಡಬಾರದು ಎಂದು ನರ್ಸಮ್ಮ ನನಗೆ ಬೈದಳು.

ಕೆನ್ನೆ ಹಿಂಡಿದ ಮಾತ್ರಕ್ಕೆ ನಾನು ಒಪ್ಪಿದೆನೆಂದು ತಿಳಿಯಬೇಡ. ಆದರೆ ಹುಡುಗಿ ಜಾಣೆ. "ನಿಮ್ಮ ಜ್ವಾಳಾನೇ ಕೊಡ್ತೀನ್ರಿ ಕಾಕಿ, ಖರೆ ನಾ ಹೇಳಿದಂಗ ಮಾಡಿ ತರಬೇಕು," ಎಂದಳು. ಜೋಳ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಸಣ್ಣಗೆ ಬೀಸಬೇಕು. ಬರೇ ಜೋಳದ ಹಿಟ್ಟಾದರೆ ಗಂಜಿ ಗಟ್ಟಿಯಾಗಿ ನಳಿಗೆಯಲ್ಲಿ ಸಿಗಿಬೀಳುತ್ತದೆ, ನೀರು ಹೆಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ ಆದರೆ ಮೈಗೆ ಹತ್ತುವುದಿಲ್ಲ. ಮೊಳಕೆಯ ಹಿಟ್ಟಾದರೆ ಎಷ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಇಪ್ಪತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಾನು, ನನಗೆ ಇದು ಗೊತ್ತಿರಲಿಲ್ಲ! ಮೈದುನ ಅಶೋಕಕುಮಾರನನ್ನು ಇಲ್ಲಿ ಕೂಡಿಸಿ, ನಾನೇ ಶಹಾಬಾದಕ್ಕೆ ಹೋಗಿ ನಮ್ಮ ಗಿರಣಿಯಲ್ಲೇ ಬೀಸಿ ತಂದೆ. ಅಶೋಕ ಚಿತ್ತಾಪುರದ ಸಾಲಿ ಮಾಸ್ತರ, ಅಣ್ಣ ಎಂದರೆ ಪ್ರಾಣ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ನಮ್ಮಲ್ಲಿ ತತ್ತಿ ನಡೆಯುವುದಿಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ತೊಗರಿಬೇಳೆಯ ಕಟ್ಟು, ಹಾಲಿನ ಪುಡಿ, ಸೋಯಾ, ಶೇಂಗಾ ಎಣ್ಣೆ ಎಲ್ಲ ತೂಗಿ ಬರೆದು ಹೊಸ ಲೆಕ್ಕ ಹಾಕಿದಳು. ಪ್ರತಿ ಸಲ ಉಣಿಸುವ ಮೊದಲು ಪಿಚಕಾರಿಯಿಂದ ಎಳೆದು ಹಿಂದಿನ ಊಟ ಕರಗಿದೆಯೋ ಇಲ್ಲವೋ ನೋಡಬೇಕು, ತಲೆದಿಂಬಿನ ಕಡೆ ಮಂಚ ಎತ್ತರಿಸಬೇಕು, ಮುಗಿದ ಮೇಲೆ ಒಂದು ತಾಸು ಇಳಿಸಬಾರದು. ನಾನು ಒಮ್ಮೆ ಮಂಚ ಬೇಗ ಇಳಿಸಿದ್ದಕ್ಕೆ ಎಲ್ಲರ ಮುಂದೆ ನನಗೆ ಗದರಿದಳು. ನನಗೆ! ಆದರೂ ನನಗೆ ಸಿಟ್ಟು ಬರಲಿಲ್ಲ. ಒಳಗೊಳಗೆ ಖುಷಿಯೇ ಆಯಿತು.

ಇನ್ನೊಂದು ಹೇಳುತ್ತೇನೆ, ಕೇಳು. ವಾಡಿ ಪ್ಯಾಸೆಂಜರಿನಿಂದ ಇಳಿದು ಬಂದವಳೇ ನಮ್ಮವರ ಕಿವಿಯ ಹತ್ತಿರ ಬಗ್ಗಿ, "ಕಾಕಾ, ಇವತ್ತ ತೊಗರಿಬ್ಯಾಳಿ ಕಟ್ಟು, ಜ್ವಾಳದ ಗಂಜಿ, ಸ್ವಲ್ಪ ಬೆಲ್ಲ ಹಾಕೀನಿ. ಕಾಕಿ ಬೀಸಿದ ಹಿಟ್ಟು ಅದ," ಎಂದು ದಿನಾ ಹೇಳುತ್ತಿದ್ದಳು. ಎಚ್ಚರವೇ ಇಲ್ಲದವರಿಗೆ ಯಾಕೆ ಹೇಳುತ್ತೀ ಎಂದರೆ, "ನಾಲಿಗಿಗಿ ರುಚಿ ಸಿಗಂಗಿಲ್ಲ, ಕಿವಿಗರೆ ಸಿಗ್ಲಿರಿ," ಎಂದಳು. ಆ ದಿನ ನಾನು ಹೊರಗೆ ಹೋಗಿ ಅತ್ತೆ. ಒಂದು ಮುಂಜಾನೆ ಬೆಲ್ಲ ಎಂದಾಗ ನಮ್ಮವರು ತುಟಿ ಚಪ್ಪರಿಸಿದರು. ರುಕ್ಸಾರ್ ನನ್ನ ಕೈ ಹಿಡಿದು ಕುಣಿದಳು, ಮತ್ತೆ ನರ್ಸಮ್ಮ ಬೈದಳು.

ಈಗ ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ.

ಶ್ರಾವಣದ ಮೊದಲ ಗುರುವಾರ, ಕಲಬುರಗಿಯಿಂದ ವಾರಕ್ಕೊಮ್ಮೆ ಬಂದು ನುಂಗುವುದನ್ನು ಪರೀಕ್ಷೆ ಮಾಡುವ ಡಾಕ್ಟರಮ್ಮ ನಮ್ಮವರ ಗಂಟಲು ನೋಡಿ, ದಿನಕ್ಕೆ ಎರಡು ಚಮಚ ಗಟ್ಟಿ ಪದಾರ್ಥ ಬಾಯಿಂದ ಕೊಟ್ಟು ನೋಡಬಹುದು ಎಂದರು. ಶನಿವಾರ ರುಕ್ಸಾರ್ ಗಟ್ಟಿ ಮೊಸರು ಎರಡು ಚಮಚ ಕೊಟ್ಟಳು. ನುಂಗಿದರು. ರವಿವಾರವೂ ಆರಾಮಿದ್ದರು. ಸೋಮವಾರ ಮುಂಜಾನೆ ಅವಳು ಬಂದು ನೋಡಿ, ಜ್ವರವಿಲ್ಲ ಏನಿಲ್ಲ, ಆದರೂ ಡಾಕ್ಟರ ಹತ್ತಿರ ಹೋಗಿ, "ಉಸರಿನ ನಳಿಗ್ಯಾಗ ಏನರೆ ಹೋಗಿರಬಹುದ್ರಿ, ಲಕ್ಷ್ಯ ಇಡ್ರಿ," ಎಂದಳು. ಎರಡು ತಾಸಿಗೊಮ್ಮೆ ಜ್ವರ ನೋಡಲು ನರ್ಸಮ್ಮನಿಗೂ ಹೇಳಿದಳು. ಮಂಗಳವಾರ ಬೆಳಗಾಗುವಷ್ಟರಲ್ಲಿ ಮೈ ಕೆಂಡ, ಎದೆಯಲ್ಲಿ ಗೊರಗೊರ. ನ್ಯುಮೋನಿಯಾ ಎಂದರು. ಒಂಬತ್ತು ದಿನ ಆಕ್ಸಿಜನ್ ಹಚ್ಚಿದ್ದರು. ಜ್ವರ ಬೇಗ ಗೊತ್ತಾದದ್ದಕ್ಕೇ ಬದುಕಿದರು ಎಂದು ಆಮೇಲೆ ಡಾಕ್ಟರೇ ಹೇಳಿದರು.

ಆದರೆ ಆಗ ಎಲ್ಲರಿಗೂ ಕಂಡದ್ದು ಆ ಎರಡು ಚಮಚ ಮೊಸರು. ಅಶೋಕ ವಾರ್ಡಿನಲ್ಲೇ ಅವಳ ಮೇಲೆ ಹರಿಹಾಯ್ದ. "ನಿನ್ನೆ ಮೊನ್ನೆ ಕಲತು ಬಂದೀದಿ, ನಮ್ಮಣ್ಣನ ಮ್ಯಾಲ ಪರೀಕ್ಷಾ ಮಾಡ್ತೀಯೇನ? ತಪ್ಪು ನಿಂದೇ ಅಂತ ಗೊತ್ತಿತ್ತು, ಅದಕ್ಕೇ ಮೊದಲೇ ಹೋಗಿ ಡಾಕ್ಟರಗ ಹೇಳೀದಿ!" ಎಂದ. ಅವಳು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಅಶೋಕ ಬರೆದು ಕೊಟ್ಟ ಅರ್ಜಿಯ ಮೇಲೆ ಅವಳನ್ನು ವಾರ್ಡಿಗೆ ಬರಬಾರದೆಂದು ತಡೆದು ಅಡಿಗೆಮನೆಗೆ ಹಾಕಿದರು. ವಿಚಾರಣೆಯ ಕಾಗದ ಈ ತಿಂಗಳ ಕೊನೆಗೆ ಮೇಲಕ್ಕೆ ಹೋಗುತ್ತದೆ. ಅದರಲ್ಲಿ ತಪ್ಪು ಅವಳದೆಂದು ಬಂದರೆ ಕೆಲಸ ಮುಂದುವರಿಯುವುದಿಲ್ಲ. ಅವಳು ಇನ್ನೂ ಒಂದು ವರ್ಷದ ಕರಾರಿನ ಮೇಲಿರುವವಳು.

ಇದು ವಾಡಿಗೆ ಹೇಗೋ ಮುಟ್ಟಿತು, ನೀನು ನನಗೆ ಬರೆದೆ: "ನನ್ನ ಮೊಮ್ಮಗಳ ಅವಸರದಿಂದ ನಿನ್ನ ಕುಂಕುಮಕ್ಕೆ ಬಂತು. ಸೆರಗೊಡ್ಡಿ ಮಾಫಿ ಕೇಳತೀನಿ ಬಸ್ಸಿ. ಆಕಿ ಕೂಡ ಮಾತು ಬಿಟ್ಟೀನಿ." ಆ ಕಾಗದ ನನ್ನ ದಿಂಬಿನ ಕೆಳಗಿದೆ. ಅದರ ಮೇಲೆ ತಲೆಯಿಟ್ಟು ಮಲಗುವುದು ಎಷ್ಟು ಕಷ್ಟ ಎಂದು ನಿನಗೆ ಹೇಗೆ ಹೇಳಲಿ.

ಅವಳು ಅಡಿಗೆಮನೆಗೆ ಹೋದರೂ ನಮ್ಮವರ ಊಟ ಬಿಡಲಿಲ್ಲ. ಪ್ರತಿ ಪಾತ್ರೆಯ ಮೇಲೆ ಒಂದು ಚೀಟಿ ಅಂಟಿಸಿ ಕಳಿಸುತ್ತಿದ್ದಳು: "ಕಾಕಾಗ ಓದಿ ಹೇಳ್ರಿ. ಇವತ್ತ ಕುಂಬಳಕಾಯಿ ಅದ." ನಾನು ಓದಿ ಹೇಳುತ್ತಿದ್ದೆ. ಆಕ್ಸಿಜನ್ ತೆಗೆದು ಎರಡು ವಾರವಾದ ಮೇಲೆ ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, ಗಟ್ಟಿಯದ್ದು ಶುರು ಮಾಡಿ, ತೆಳ್ಳಗಿನದು ಒಂದು ಹನಿಯೂ ಬೇಡ ಎಂದರು. ಅಂದು ರುಕ್ಸಾರ್ ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆಸಿದಳು.

"ಕಾಕಿ, ಕಾಕಾ ಉಣ್ಣೂಕಿಂತ ಮೊದ್ಲ ಏನ ತಗೋತಿದ್ರು?"

"ತೀರ್ಥ," ಎಂದೆ. "ಲಿಂಗಕ್ಕ ನೀರ ಎರದು, ಮೂರ ಚಮಚ ತೀರ್ಥ ತಗೊಂಡೇ ತುತ್ತು ಮುಟ್ಟೋರು. ನಲವತ್ತ ವರ್ಷ ಒಂದಿನ ತಪ್ಪಿಲ್ಲ."

"ಹಂಗಾರ ಆ ನೀರ ತರ್ರಿ."

ಅವಳ ಮುಖ ನೋಡದೆ ಮೇಲೆ ಹೋದೆ. ತಂದು ಕೊಟ್ಟೆ. ಅವಳು ಕೈ ತೊಳೆದು, ಆ ನೀರಿಗೆ ಅದೇನೋ ಬಿಳಿ ಪುಡಿ ಚಿಟಿಕೆ ಚಿಟಿಕೆಯಾಗಿ ಹಾಕಿ ಕದಡಿದಳು. ನೋಡನೋಡುತ್ತ ನೀರು ಗಟ್ಟಿಯಾಯಿತು, ಬಣ್ಣ ಬದಲಾಗಲಿಲ್ಲ. ಚಮಚ ಓರೆ ಮಾಡಿ ತೋರಿಸಿದಳು. "ನೋಡ್ರಿ, ಹರಿಬಾರ್ದು. ಇಡೀ ಗುಪ್ಪಿ ಒಮ್ಮೆಲೆ ಬೀಳಬೇಕು. ಹರಿಯೂ ನೀರ ಗಂಟಲಿಗಿಂತ ಮೊದಲ ಓಡತದ, ಗಂಟಲ ಬಾಗಿಲ ಹಾಕೂದ್ರಾಗ ಪುಪ್ಪುಸಕ್ಕ ಹೋಗಿರ್ತದ. ಕೆಮ್ಮೂ ಬರಂಗಿಲ್ಲ, ಗೊತ್ತೂ ಆಗಂಗಿಲ್ಲ. ನಳಿಗಿಗಿ ತೆಳ್ಳಗ, ಬಾಯಿಗಿ ಗಟ್ಟಿ. ಇಷ್ಟು ನೆನಪಿಡ್ರಿ ಕಾಕಿ." ಹತ್ತು ಸಲ ನನ್ನ ಕೈಯಿಂದಲೇ ಮಾಡಿಸಿ, ಹತ್ತನೆಯದನ್ನು ಒಪ್ಪಿದಳು.

ನಮ್ಮ ಮಠದ ಗುರುಲಿಂಗಯ್ಯನವರು ನೋಡಲು ಬಂದಿದ್ದರು. ತೀರ್ಥಕ್ಕೆ ಪುಡಿ ಹಾಕಿದರೆ ನಡೆಯುತ್ತದೆಯೇ ಎಂದು ಕೇಳಿದೆ. ಅವರು ಆ ಚಮಚವನ್ನೂ ನಮ್ಮವರನ್ನೂ ನೋಡಿ, "ನೀರು ಅದೇ ಅದ, ಭಕ್ತ ಅವನೇ ಅದಾನ, ಮತ್ತೇನ ಕೇಳ್ತಿ ತಾಯಿ?" ಎಂದರು. ಹಾಸಿಗೆಯಲ್ಲಿ ನೆಟ್ಟಗೆ ಕೂಡಿಸಿ, ಗದ್ದ ಸ್ವಲ್ಪ ಬಗ್ಗಿಸಿ, ನರ್ಸಮ್ಮನ ಎದುರು ಮೊದಲ ಚಮಚ ಕೊಟ್ಟೆ. ನುಂಗಿದರು. ಎರಡನೆಯದು, ಮೂರನೆಯದು. ಮೂರು ಮುಗಿದ ಮೇಲೆ ನಮ್ಮವರು ಬಲಗೈಯನ್ನು ಕಷ್ಟಪಟ್ಟು ಎತ್ತಿ, ತುಟಿಗೆ ಉಳಿದ ಒದ್ದೆಯನ್ನು ತಲೆಗೆ ಒರೆಸಿಕೊಂಡರು. ತಲೆಗೆ ಪೆಟ್ಟು ಬಿದ್ದ ಮೇಲೆ ಅವರು ತಾವಾಗಿ ಮಾಡಿದ ಮೊದಲ ಕೆಲಸ ಅದು. ಕೆಳಗೆ ಅಡಿಗೆಮನೆಗೆ ಓಡಿ ಹೇಳಿದೆ. ರುಕ್ಸಾರ್ ಸಾರಿನ ಸೌಟು ಹಿಡಿದುಕೊಂಡೇ ಅತ್ತಳು, ಕುಣಿಯಲಿಲ್ಲ.

ನಜಮಾ, ಇಂಥ ಹುಡುಗಿಯ ಜೊತೆ ಮಾತು ಬಿಡುತ್ತಾರೆಯೇ? ಅವಳ ಅವಸರದಿಂದ ಏನೂ ಆಗಿಲ್ಲ. ಅವಳಿಗೆ ಅವಸರವೆಂಬುದೇ ಇಲ್ಲ. ನಾವಿಬ್ಬರೂ ಏಳನೆಯ ಇಯತ್ತೆಗೆ ಸಾಲಿ ಬಿಟ್ಟವರು. ನಮ್ಮ ಎರಡು ಮನೆಗಳಲ್ಲಿ ಇಷ್ಟು ಕಲಿತು, ಕಲಿತದ್ದನ್ನು ಇಷ್ಟು ಪ್ರೀತಿಯಿಂದ ಬಡಿಸುವ ಹುಡುಗಿ ಇನ್ನೊಬ್ಬಳಿಲ್ಲ. ನನಗೆ ಅವಳನ್ನು ನೋಡಿದರೆ ಹೆಮ್ಮೆಯಾಗುತ್ತದೆ, ನಿನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮಗಳು ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು. ರುಕ್ಸಾರಳಿಗೆ ಬಸವಣ್ಣ, ನಿನ್ನ ಅಲ್ಲಾಹ್ ಇಬ್ಬರೂ ಕೂಡಿ ನೂರು ವರ್ಷ ಆಯುಷ್ಯ ಕೊಡಲಿ, ಅವಳ ಕೈಯಿಂದ ನೂರಾರು ಮಂದಿ ಉಂಡು ಎದ್ದು ಮನೆಗೆ ಹೋಗಲಿ.

ನಿನ್ನ,
ಬಸವೇಶ್ವರಿ

ತಾಜಾ ಕಲಂ: ಮಂಗಳವಾರ. ಕಾಗದ ಬರೆದು ಎರಡು ದಿನವಾಯಿತು, ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಮೇಲೆ ಬರೆದದ್ದೆಲ್ಲ ಖರೆ, ಆದರೆ ಒಂದನ್ನು ಬಿಟ್ಟಿದ್ದೇನೆ.

ಆ ಸೋಮವಾರ, ಶ್ರಾವಣದ ಸೋಮವಾರ, ರುಕ್ಸಾರಳ ಗಾಡಿ ಬರುವ ಮೊದಲು ನಾನು ಲಿಂಗಕ್ಕೆ ನೀರೆರೆದು ನಮ್ಮವರಿಗೆ ಮೂರು ಚಮಚ ತೀರ್ಥ ಕುಡಿಸಿದೆ. ಎರಡು ತಿಂಗಳಿಂದ ಅವರು ತೀರ್ಥವಿಲ್ಲದೆ ಉಣ್ಣುತ್ತಿದ್ದಾರಲ್ಲ ಎಂದು ನನ್ನ ಜೀವ ಕೊರೆಯುತ್ತಿತ್ತು. ಗಟ್ಟಿ ಮೊಸರೇ ನುಂಗಿದವರಿಗೆ ನೀರೇನು ಭಾರ ಎಂದುಕೊಂಡೆ. ಚಮಚ ತುಟಿಗೆ ತಾಗುತ್ತಲೇ ಬಾಯಿ ತೆರೆದರು, ನಜಮಾ. ನನ್ನ ಕೈ ಗುರುತು ಸಿಕ್ಕಿತು ಎಂದು ಹಿಗ್ಗಿದೆ. ಕೆಮ್ಮಲೂ ಇಲ್ಲ. ರುಕ್ಸಾರ್ ಬಂದು ಮಂಚದ ಪಕ್ಕ ಒದ್ದೆ ಚಮಚ ನೋಡಿ, "ಕಾಕಿ, ಬಾಯಾಗ ಏನರೆ ಕೊಟ್ಟೀರೇನ್ರಿ?" ಎಂದಳು. "ಇಲ್ಲ" ಎಂದೆ. ಅವಳು ಆ ಚಮಚ ಒರೆಸಿ ನನ್ನ ಚೀಲದಲ್ಲಿಟ್ಟು, ಸೀದಾ ಡಾಕ್ಟರ ಹತ್ತಿರ ಹೋದಳು.

ಅಶೋಕ ಅವಳಿಗೆ ಬೈಯುವಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಟ್ಟರೆ ಅಣ್ಣನನ್ನು ಚಿತ್ತಾಪುರಕ್ಕೆ ಒಯ್ದುಬಿಡುತ್ತಾನೆ, ನನ್ನ ಕೈಯಿಂದ ಮತ್ತೆಂದೂ ಉಣಿಸಗೊಡುವುದಿಲ್ಲ ಎಂದು ಹೆದರಿ ಸುಮ್ಮನಿದ್ದೆ. ನಿನ್ನ ಮಾಫಿಯ ಕಾಗದ ಬಂದ ಮೇಲೂ ಸುಮ್ಮನಿದ್ದೆ.

ಇವತ್ತು ಮುಂಜಾನೆ ಡಾಕ್ಟರ ಮುಂದೆ, ಅಶೋಕನ ಮುಂದೆ ಎಲ್ಲ ಹೇಳಿ, ಬರೆದು ಸಹಿ ಮಾಡಿದೆ. ಅಶೋಕ "ವೈನಿ, ನಾ ಆ ಹುಡುಗಿಗಿ ಎಷ್ಟಂದೆ," ಎಂದ. ಅರ್ಜಿ ವಾಪಸು ತೆಗೆದುಕೊಂಡ. ನಾಳೆಯಿಂದ ಅವಳು ವಾರ್ಡಿಗೆ ಬರುತ್ತಾಳೆ.

ನಾನು ಅಡಿಗೆಮನೆಗೆ ಹೋಗಿ ಕೇಳಿದೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು. ಅವಳು ಬೇಳೆ ತೂಗುತ್ತಿದ್ದಳು. ತೂಗುವುದನ್ನು ನಿಲ್ಲಿಸದೆ ಹೇಳಿದಳು: "ನಾ ಇಲ್ಲಿ ಎಷ್ಟ ದಿನ ಉಣಸೇನ್ರಿ ಕಾಕಿ? ಮುಂದ ಮನ್ಯಾಗ ಕಾಕಾ ಉಣ್ಣೂದು ನಿಮ್ಮ ಕೈಲಿಂದೇ. ಎಲ್ಲಾರೂ ಕೂಡಿ ಆ ಕೈಗಿ ಬೈದು ಅಂಜಿಸಿಬಿಟ್ರ, ಅವರಿಗಿ ಉಣಸೋರು ಯಾರ್ರಿ?"

ನಿನ್ನ ಮಾಫಿಯ ಕಾಗದವನ್ನು ಇದರೊಳಗೇ ಮಡಿಸಿ ಇಟ್ಟಿದ್ದೇನೆ. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ, ಸೆರಗೊಡ್ಡಬೇಕಾದವಳು ನಾನು. ನನ್ನ ಜೊತೆ ಮಾತು ಬಿಡಬೇಕಾದರೆ ಬಿಡು. ಇದು ನಿನ್ನ ಕೈ ಸೇರಿದ ಸಂಜೆ ಸೇಡಂ ಪ್ಯಾಸೆಂಜರಿನಿಂದ ಅವಳು ಇಳಿದು ಮನೆಗೆ ಬಂದಾಗ, ಅವಳು ಚಪ್ಪಲಿ ಬಿಡುವ ಮೊದಲೇ, ಊಟ ಆಯಿತೇನು ಎಂದು ಕೇಳು.